ಆಡಿಟ್ ಮುಗಿಯಿತು ಸಾರ್, ಥ್ಯಾಂಕ್ಸ್
ನಮ್ಮ ಸಂಘದ ಕಟ್ಟಡದ ಅಡಮಾನ ಸಾಲವನ್ನು ಹೊಸ ಬ್ಯಾಂಕಿಗೆ ವರ್ಗಾಯಿಸಿದ ಮೇಲೆ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿನಲ್ಲಿ ನಾನು ಮಾಡಿಟ್ಟ ಗೋಜಲು ಅಷ್ಟಿಷ್ಟಲ್ಲ. ಹೊಸ ಸಾಲದ 18,60,000 ರೂಪಾಯಿಯನ್ನು ಕೈಗೆ ಬಂದ ದುಡ್ಡು ಬರೆಯುವ ರಿಸೀಟ್ ವೋಚರಿಗೆ ಹಾಕಿಬಿಟ್ಟಿದ್ದೆ. ಪಾಸ್‌ಬುಕ್ಕಿನಲ್ಲಿ ಆ ದುಡ್ಡಿನ ಸುಳಿವೇ ಇಲ್ಲ! ಹಳೆ ಸಾಲವೂ ಹಾಗೇ ಕೂತಿತ್ತು.

ಗೆಳತಿ ಕೊಟ್ಟ ನಂಬರಿಗೆ ಫೋನ್ ಮಾಡಿದರೆ ನೀವು ಕೇಳಿದ್ದು ಒಂದೇ ಮಾತು: "ದುಡ್ಡು ನಿಮ್ಮ ಖಾತೆಗೆ ಬಂತಾ ಮೇಡಂ?" ಇಲ್ಲ, ಬ್ಯಾಂಕಿನಿಂದ ಬ್ಯಾಂಕಿಗೇ ಹೋಗಿತ್ತು. ರಿಸೀಟ್ ಅಳಿಸಿ, ಎಫ್7 ಒತ್ತಿಸಿ ನಮ್ಮ ನಗದು, ಬ್ಯಾಂಕ್ ಖಾತೆ ಮುಟ್ಟದ ಜರ್ನಲ್ ನಮೂದು ಹಾಕಿಸಿದಿರಿ. ಹೊಸ ಸಾಲ ಕ್ರೆಡಿಟ್. ಹಳೆಯದರ ಅಸಲು 18,40,000, ಆ ದಿನದವರೆಗಿನ ಬಡ್ಡಿ 9,200, ಪ್ರೊಸೆಸಿಂಗ್ ಶುಲ್ಕ 10,800 ಡೆಬಿಟ್. ಹಳೆ ಸಾಲದ ಲೆಡ್ಜರಿನ ಬಾಕಿ ಸೊನ್ನೆಯಾದಾಗ ಕುರ್ಚಿಯಿಂದ ಎದ್ದೇಬಿಟ್ಟೆ.

ಹೆಸರು ಕೇಳಿದರೆ "ಅದಿರಲಿ, ಮೊದಲು ಬ್ಯಾಕಪ್ ತಗೊಳ್ಳಿ" ಅಂದು ಫೋನಿಟ್ಟಿರಿ. ತಗೊಂಡೆ ಸಾರ್.