ನುಚ್ಚು, ಮೆಣಸಿನಕಾಯಿ, ಚಿಕೋರಿ ಕಾಫಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಸೆಪ್ಟೆಂಬರಿನಲ್ಲಿ ನೀನೂ ವೈನಿಯವರೂ ಮಗಳ ಮನೆಗೆಂದು ಅಮೆರಿಕದ ಉತ್ತರ ಕ್ಯಾರೊಲಿನಾಕ್ಕೆ ಬರುತ್ತಿರುವ ಸುದ್ದಿ ಓದಿ ಬಹಳ ಸಂತೋಷವಾಯಿತು. ಅಲ್ಲಿ ಬೆಳಿಗ್ಗೆ ಬ್ರೆಡ್ಡು, ಕಾರ್ನ್‌ಫ್ಲೇಕ್ಸು ಬಿಟ್ಟರೆ ತಿನ್ನಲು ಬೇರೇನಾದರೂ ಸಿಗುತ್ತದೆಯೇ ಎಂದು ಪತ್ರದ ಕೊನೆಯಲ್ಲಿ ನೀನು ಕೇಳಿದ್ದೀಯ. ಹೆದ್ದಾರಿಯ ಪಕ್ಕದ ದೊಡ್ಡ ಹೋಟೆಲುಗಳಲ್ಲಿ ತಂಗಿದರೆ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ, ಯಾವ ರಾಜ್ಯಕ್ಕೆ ಹೋದರೂ ಅದೇ ರುಚಿ. ಆದರೆ ಊರೊಳಗೆ ಒಂದೇ ಮನೆತನದವರು ನಡೆಸಿಕೊಂಡು ಬಂದಿರುವ, ಇಲ್ಲಿಯವರು ಡೈನರ್ ಅಥವಾ ಕೆಫೆ ಎಂದು ಕರೆಯುವ ಸಣ್ಣ ಖಾನಾವಳಿಗಳಲ್ಲಿ ಬೆಳಗಿನ ಆರು ಗಂಟೆಗೆ ಹೋಗಿ ಕುಳಿತರೆ, ಆ ನೆಲದಲ್ಲಿ ಏನು ಬೆಳೆಯುತ್ತದೆ, ಅಲ್ಲಿಗೆ ಯಾವ ದೇಶದ ಜನ ಬಂದು ನೆಲೆಸಿದರು ಎಂಬುದು ತಟ್ಟೆಯಲ್ಲಿಯೇ ಕಾಣುತ್ತದೆ. ಮಧ್ಯಾಹ್ನದ, ರಾತ್ರಿಯ ಊಟ ಈ ದೇಶದಲ್ಲಿ ಎಲ್ಲೆಡೆಯೂ ಒಂದೇ ತರಹ ಆಗುತ್ತ ಬಂದಿದೆ. ಬೆಳಗಿನ ತಿಂಡಿ ಮಾತ್ರ ಇನ್ನೂ ತನ್ನ ಸೀಮೆಯನ್ನು ಬಿಟ್ಟುಕೊಟ್ಟಿಲ್ಲ ಎಂಬುದು ಇಷ್ಟು ವರ್ಷ ಇಲ್ಲಿದ್ದು ನಾನು ಕಂಡುಕೊಂಡ ಮಾತು.

ನೀನು ಮೊದಲು ತಿನ್ನಬೇಕಾದದ್ದು ಗ್ರಿಟ್ಸ್. ಅದನ್ನು ವಿವರಿಸುವುದಕ್ಕೆ ನಮ್ಮಲ್ಲಿ ಒಂದೇ ಪದ ಸಾಕು: ನುಚ್ಚು. ಒಣಗಿದ ಗೋವಿನಜೋಳವನ್ನು ತರಿತರಿಯಾಗಿ ಬೀಸಿ, ನಾಲ್ಕು ಪಟ್ಟು ನೀರಿನಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ತಿರುವುತ್ತ ಬೇಯಿಸಿ, ಉಪ್ಪು ಬೆಣ್ಣೆ ಹಾಕಿ ಬಡಿಸುತ್ತಾರೆ. ಮೊದಲ ಸಲ ಬಾಯಿಗಿಟ್ಟಾಗ ಅವ್ವ ಮಜ್ಜಿಗೆ ಸುರಿದು ಕೊಡುತ್ತಿದ್ದ ಜೋಳದ ನುಚ್ಚು ನೆನಪಾಗಿ ನಾನು ಸ್ವಲ್ಪ ಹೊತ್ತು ಚಮಚ ಕೆಳಗಿಟ್ಟು ಸುಮ್ಮನೆ ಕುಳಿತಿದ್ದೆ. ನಮ್ಮ ಹಾವೇರಿ ಜಿಲ್ಲೆಯಲ್ಲಿ ಇಂದು ಹೊಲಗಳ ತುಂಬ ಬೆಳೆಯುವ ಗೋವಿನಜೋಳದ ಬಹುಪಾಲು ಕೋಳಿಯ ಆಹಾರಕ್ಕೆ ಹೋಗುತ್ತದೆ. ಅದೇ ಕಾಳು ಇಲ್ಲಿ ದಕ್ಷಿಣದ ರಾಜ್ಯಗಳ ಮುಖ್ಯ ತಿಂಡಿಯಾಗಿದ್ದು, ಜಾರ್ಜಿಯಾ ರಾಜ್ಯವಂತೂ 2002ರಲ್ಲಿ ಗ್ರಿಟ್ಸನ್ನು ತನ್ನ ಅಧಿಕೃತ ಖಾದ್ಯವೆಂದು ಘೋಷಿಸಿತು. ಇದನ್ನು ಕಲಿಸಿಕೊಟ್ಟವರು ಇಲ್ಲಿಯ ಮೂಲನಿವಾಸಿಗಳು. ಅವರು ಕಾಳನ್ನು ಬೂದಿಯ ನೀರಿನಲ್ಲಿ ಕುದಿಸಿ ಸಿಪ್ಪೆ ತೆಗೆಯುತ್ತಿದ್ದರು, ಅದರಿಂದ ಕಾಳಿನಲ್ಲಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತಿತ್ತು. ಕಾಳನ್ನು ಮಾತ್ರ ತೆಗೆದುಕೊಂಡು ಆ ವಿಧಾನವನ್ನು ಬಿಟ್ಟ ಮೇಲೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣದ ಬಡವರು ಆ ಜೀವಸತ್ವದ ಕೊರತೆಯಿಂದ ಬರುವ ಪೆಲಾಗ್ರಾ ರೋಗದಿಂದ ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಒಂದು ತಿಂಡಿಯ ಹಿಂದೆ ಇಷ್ಟು ದೊಡ್ಡ ತಿಳಿವಳಿಕೆ ಇತ್ತೆಂಬುದು ನನ್ನನ್ನು ಈಗಲೂ ಕಾಡುತ್ತದೆ. ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಕಡೆ ಮೀನುಗಾರರು ಗ್ರಿಟ್ಸ್ ಮೇಲೆ ಸಿಗಡಿ ಹಾಕಿಕೊಂಡು ತಿನ್ನುತ್ತಿದ್ದರು. ನಿನ್ನ ಮಗಳಿರುವ ರಾಜ್ಯದಲ್ಲಿಯೇ, ಚಾಪೆಲ್ ಹಿಲ್ ಊರಿನಲ್ಲಿ, ಬಿಲ್ ನೀಲ್ ಎಂಬ ಬಾಣಸಿಗ ಅದನ್ನು ತನ್ನ ಹೋಟೆಲಿನಲ್ಲಿ ಬಡಿಸತೊಡಗಿದ. 1985ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದರ ಬಗ್ಗೆ ಬರೆದ ಮೇಲೆ ದೇಶದ ಎಲ್ಲ ಕಡೆಗೂ ಹರಡಿತು. ನೀನು ಮಾಂಸ ಮೀನು ಮುಟ್ಟುವುದಿಲ್ಲವಾದ್ದರಿಂದ ಬರಿಯ ಬೆಣ್ಣೆಯ ಗ್ರಿಟ್ಸ್, ಪಕ್ಕದಲ್ಲಿ ಎರಡು ಮೊಟ್ಟೆ ಎಂದು ಹೇಳು. ಸಕ್ಕರೆ ಹಾಕಿಕೊಳ್ಳುವವರೂ ಇದ್ದಾರೆ, ಆದರೆ ಉಪ್ಪೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದೇ ಖಾನಾವಳಿಯಲ್ಲಿ ಬಿಸ್ಕಿಟ್ ಎಂಬುದೂ ಇರುತ್ತದೆ. ಅದು ನಾವು ಚಹಾದಲ್ಲಿ ಅದ್ದಿ ತಿನ್ನುವ ಬಿಸ್ಕಿಟ್ ಅಲ್ಲ. ಮಜ್ಜಿಗೆಯಲ್ಲಿ ಕಲಸಿ, ಅಡುಗೆ ಸೋಡಾದಿಂದ ಉಬ್ಬಿಸಿ, ಒಲೆಯಲ್ಲಿ ಸುಟ್ಟ, ಪದರು ಪದರಾಗಿ ಬಿಚ್ಚಿಕೊಳ್ಳುವ ಮೆತ್ತನೆಯ ಬನ್ನು. ದಕ್ಷಿಣದಲ್ಲಿ ಹಿಂದಿನಿಂದಲೂ ಬಳಸುವ ಹಿಟ್ಟು ಮೆದು ಗೋಧಿಯದು. ಅದರಲ್ಲಿ ಪ್ರೋಟೀನ್ ಕಡಿಮೆಯಿರುವುದರಿಂದ ಹಿಟ್ಟು ಜಿಗುಟಾಗುವುದಿಲ್ಲ, ಬಿಸ್ಕಿಟ್ ಹಗುರಾಗಿ ಬರುತ್ತದೆ. ಇದರ ಮೇಲೆ ಸುರಿಯುವ ಬಿಳಿಯ ಗ್ರೇವಿಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಕೆಲವು ವರ್ಷಗಳ ಹಿಂದೆ ನಮ್ಮ ಅತ್ತಿಗೆ ಬಂದಿದ್ದಾಗ, ನೋಡಲು ಹಾಲು ಮೆಣಸಿನ ಸಾರಿನಂತಿದೆ ಎಂದುಕೊಂಡು ಎರಡು ತುತ್ತು ತಿಂದ ಮೇಲೆ ಅದು ಹಂದಿಯ ಸಾಸೇಜಿನ ಕೊಬ್ಬಿನಲ್ಲಿ ಹಿಟ್ಟು ಹುರಿದು ಮಾಡಿದ್ದೆಂದು ತಿಳಿಯಿತು. ಅವರು ಆ ದಿನವಿಡೀ ಏನನ್ನೂ ತಿನ್ನಲಿಲ್ಲ. ಮೊದಲೇ ಕೇಳಿ ತಿಳಿಸದೆ ಇದ್ದದ್ದು ನನ್ನ ತಪ್ಪು, ಅದು ನಿನ್ನ ವಿಷಯದಲ್ಲಿ ಆಗಬಾರದೆಂದೇ ಇಷ್ಟು ಬರೆದೆ. ಬಿಸ್ಕಿಟ್ಟಿಗೂ ಕೆಲವರು ಬೆಣ್ಣೆಯ ಬದಲು ಹಂದಿಯ ಕೊಬ್ಬು ಹಾಕುತ್ತಾರೆ. ಕೇಳಿದರೆ ಯಾರೂ ಬೇಸರಿಸುವುದಿಲ್ಲ.

ಉತ್ತರದ ಕಡೆ ಹೋದರೆ ಪೆನ್ಸಿಲ್ವೇನಿಯಾದಲ್ಲಿ ಸ್ಕ್ರಾಪಲ್, ಒಹಾಯೋದ ಸಿನ್ಸಿನಾಟಿಯಲ್ಲಿ ಗೆಟಾ ಸಿಗುತ್ತವೆ. ಎರಡೂ ಜರ್ಮನಿಯಿಂದ ಬಂದ ರೈತರದು, ಎರಡೂ ನಿನಗಲ್ಲ. ಹಂದಿ ಕೊಯ್ದಾಗ ಉಳಿದ ಚೂರುಗಳನ್ನು ಬೇಯಿಸಿ, ಆ ರಸದಲ್ಲಿಯೇ ಸ್ಕ್ರಾಪಲ್‌ಗೆ ಗೋವಿನಜೋಳದ ಹಿಟ್ಟು, ಗೆಟಾಕ್ಕೆ ಓಟ್ಸಿನ ನುಚ್ಚು ಹಾಕಿ ಗಟ್ಟಿಯಾಗಿ ತಿರುವಿ, ತಣ್ಣಗಾದ ಮೇಲೆ ಬಿಲ್ಲೆ ಕೊಯ್ದು ಕಾವಲಿಯ ಮೇಲೆ ಕೆಂಪಗೆ ಹುರಿಯುತ್ತಾರೆ. ಸ್ವಲ್ಪ ಮಾಂಸವನ್ನು ಧಾನ್ಯದಿಂದ ಹಿಗ್ಗಿಸಿ ದೊಡ್ಡ ಕುಟುಂಬದ ಹೊಟ್ಟೆ ತುಂಬಿಸಿದ ಆ ಹೆಣ್ಣುಮಕ್ಕಳ ಜಾಣತನವನ್ನು ನಾನು ಗೌರವಿಸುತ್ತೇನೆ.

ತಿಂಗಳ ಕೊನೆಯಲ್ಲಿ ನಿಮ್ಮನ್ನು ನ್ಯೂ ಮೆಕ್ಸಿಕೊದಲ್ಲಿರುವ ತಮ್ಮನ ಮನೆಗೆ ಕರೆದೊಯ್ಯಬೇಕೆಂದಿದ್ದೇನೆ, ಏಕೆಂದರೆ ಅದು ಅಲ್ಲಿ ಮೆಣಸಿನಕಾಯಿ ಸುಡುವ ಕಾಲ. ಅಂಗಡಿಗಳ ಮುಂದೆ ತಂತಿಬಲೆಯ ಪೀಪಾಯಿಗಳಲ್ಲಿ ಹಸಿರು ಕಾಯಿ ತುಂಬಿ, ಗ್ಯಾಸಿನ ಉರಿಯ ಮೇಲೆ ತಿರುಗಿಸಿ ಸುಡುತ್ತಾರೆ. ಬ್ಯಾಡಗಿಯ ಮಾರುಕಟ್ಟೆಯ ಓಣಿಗಳಲ್ಲಿ ಬೆಳೆದ ನಿನಗೆ ಆ ವಾಸನೆ ಊರನ್ನೇ ಎದುರಿಗೆ ತಂದು ನಿಲ್ಲಿಸುತ್ತದೆ. ಅಲ್ಲಿಯ ತಿಂಡಿಯೆಂದರೆ ಮೊಟ್ಟೆ, ಆಲೂಗಡ್ಡೆ, ಚೀಸನ್ನು ಮೈದಾ ರೊಟ್ಟಿಯಲ್ಲಿ ಸುತ್ತಿದ ಬರಿಟೊ, ಮೇಲೆ ಮೆಣಸಿನಕಾಯಿಯ ಗೊಜ್ಜು. ಬಡಿಸುವವರು ತಪ್ಪದೆ ಕೇಳುತ್ತಾರೆ, ಕೆಂಪೋ ಹಸಿರೋ ಎಂದು. 1996ರಲ್ಲಿ ಆ ರಾಜ್ಯ ಇದನ್ನೇ ತನ್ನ ಅಧಿಕೃತ ಪ್ರಶ್ನೆಯೆಂದು ಗೊತ್ತುಮಾಡಿತು. ಎರಡೂ ಬೇಕಿದ್ದರೆ ‘ಕ್ರಿಸ್‌ಮಸ್’ ಎನ್ನಬೇಕು. ಕೆಂಪು ಎಂದರೆ ಬೇರೆ ಜಾತಿಯಲ್ಲ, ಅದೇ ಕಾಯಿ ಹಣ್ಣಾಗಿ ಒಣಗಿದ್ದು. ನಮ್ಮ ಬ್ಯಾಡಗಿಯಂತೆ ಅದೂ ಉರಿಗಿಂತ ಬಣ್ಣಕ್ಕೆ, ಪರಿಮಳಕ್ಕೆ ಹೆಸರಾದದ್ದು. ಸ್ಪೇನಿನವರು ಆ ಸೀಮೆಗೆ, ಪೋರ್ಚುಗೀಸರು ನಮ್ಮ ಕರಾವಳಿಗೆ ಮೆಣಸಿನಕಾಯಿ ತಂದದ್ದು ಹದಿನಾರನೆಯ ಶತಮಾನದಲ್ಲಿಯೇ. ಒಂದೇ ಗಿಡ ಎರಡು ದಿಕ್ಕಿಗೆ ಹೊರಟು ಎರಡು ಒಣನೆಲಗಳಲ್ಲಿ ಬೇರು ಬಿಟ್ಟಿತು. ಗೊಜ್ಜಿನಲ್ಲಿ ಹಂದಿಮಾಂಸ ಹಾಕಿರುವುದುಂಟು, ಕೇಳಿಯೇ ತೆಗೆದುಕೊಳ್ಳೋಣ. ಅಲ್ಲಿಯ ಮೂಲನಿವಾಸಿಗಳಾದ ಪುಯೆಬ್ಲೊ ಜನ ಬೆಳೆಯುತ್ತ ಬಂದ ನೀಲಿ ಗೋವಿನಜೋಳದ ಹಿಟ್ಟಿನ ಪ್ಯಾನ್‌ಕೇಕನ್ನು ವೈನಿಯವರಿಗೆ ತಿನ್ನಿಸಬೇಕು. ನೋಡಲು ಬೂದಿಬಣ್ಣ, ರುಚಿಯಲ್ಲಿ ಹುರಿದ ಕಾಳಿನ ಘಮ.

ನ್ಯೂ ಆರ್ಲಿಯನ್ಸ್‌ಗೆ ಈ ಸಲ ಹೋಗಲಾಗದು, ಆದರೂ ಅಲ್ಲಿಯ ಕಾಫಿಯ ಮಾತನ್ನು ಹೇಳದಿರಲಾರೆ. 1862ರಲ್ಲಿ ಆರಂಭವಾದ ಕೆಫೆ ಡು ಮಾಂಡ್ ಎಂಬಲ್ಲಿ ಬೆನ್ಯೆ ಎಂಬ ಕರಿದ ಚೌಕದ ತಿಂಡಿ ಒಂದು ತಟ್ಟೆಗೆ ಮೂರರಂತೆ, ಮೇಲೆ ಸಕ್ಕರೆಯ ಪುಡಿ ಸುರಿದು ಕೊಡುತ್ತಾರೆ. ಜೊತೆಗೆ ಬರುವ ಹಾಲಿನ ಕಾಫಿಯಲ್ಲಿ ಚಿಕೋರಿ ಇರುತ್ತದೆ. ಫ್ರೆಂಚರಿಂದ ಬಂದ ಆ ಪದ್ಧತಿ, ಅಂತರ್ಯುದ್ಧದಲ್ಲಿ ಬಂದರಿಗೆ ದಿಗ್ಬಂಧನವಾಗಿ ಕಾಫಿಬೀಜ ದುರ್ಲಭವಾದಾಗ ಗಟ್ಟಿಯಾಯಿತು. ಅಮೆರಿಕದ ನೀರುಕಾಫಿಯನ್ನು ವರ್ಷಗಟ್ಟಲೆ ಕುಡಿದ ನನಗೆ ಆ ಲೋಟದಲ್ಲಿ ನಮ್ಮ ಫಿಲ್ಟರ್ ಕಾಫಿಯ ಕಹಿ ಸಿಕ್ಕಿತು.

ರೋಡ್ ಐಲೆಂಡಿನಲ್ಲಿ ಬಿಳಿ ಗೋವಿನಜೋಳದ ಜಾನಿಕೇಕ್, ಟೆಕ್ಸಸ್ಸಿನಲ್ಲಿ ಚೆಕ್ ವಲಸಿಗರ ಹಣ್ಣಿನ ಕೊಲಾಚೆ, ಹವಾಯಿಯಲ್ಲಿ ಅನ್ನವೇ ಬೆಳಗಿನ ತಿಂಡಿ. ಇವನ್ನು ಕುಳಿತು ಮಾತನಾಡೋಣ. ಬಂದ ಮರುದಿನ ಹೇಗೂ ನಿಮಗೆ ನಸುಕಿನಲ್ಲಿಯೇ ಎಚ್ಚರವಾಗುತ್ತದೆ. ಆರಕ್ಕೆಲ್ಲ ಕಾರು ತಂದು ಬಾಗಿಲಲ್ಲಿ ನಿಲ್ಲಿಸುತ್ತೇನೆ. ವೈನಿಯವರಿಗೆ ಹೇಳಿ ಒಂದು ಸಣ್ಣ ಡಬ್ಬಿ ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬಾ. ಬಿಸಿ ಗ್ರಿಟ್ಸ್ ಮೇಲೆ ಬೆಣ್ಣೆ ಕರಗುವಾಗ ಅದನ್ನು ಉದುರಿಸಿಕೊಂಡು ತಿನ್ನಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೇನೆ.

ನಿನ್ನ ದಾರಿ ಕಾಯುತ್ತಿರುವ,
ಗೆಳೆಯ