ಜೂಜಿಗೆ ಬೀಗ ಹಾಕಬೇಕಾದ್ದು ಬ್ಯಾಂಕ್ ಖಾತೆಯಲ್ಲಿ

ಮಾನ್ಯ ಸಂಪಾದಕರೇ,

ಕ್ರಿಕೆಟ್ ಸೀಸನ್ ಬಂತೆಂದರೆ ‘ಆಡಿ, ಆದರೆ ಮಿತಿಯಲ್ಲಿ ಆಡಿ’ ಎಂಬ ಬುದ್ಧಿಮಾತು ಎಲ್ಲೆಡೆ ಕೇಳಿಬರುತ್ತದೆ. ಲೈಸೆನ್ಸ್ ಪಡೆದ ಕಂಪನಿಗಳಿರುವ ದೇಶದಲ್ಲಿ ಈ ಮಾತಿಗೆ ಅರ್ಥವಿದೆ. ಬ್ರಿಟನ್ನಿನಲ್ಲಿ ಒಬ್ಬರು ‘ಗ್ಯಾಮ್‌ಸ್ಟಾಪ್’ನಲ್ಲಿ ಹೆಸರು ನೋಂದಾಯಿಸಿದರೆ ಅಲ್ಲಿನ ಲೈಸೆನ್ಸ್ ಇರುವ ಆನ್‌ಲೈನ್ ಜೂಜು ತಾಣಗಳೆಲ್ಲ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಅವರನ್ನು ಹೊರಗಿಡಲೇಬೇಕು. 2020ರ ಏಪ್ರಿಲ್‌ನಿಂದ ಅಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವಂತಿಲ್ಲ. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆ ಕಾಯ್ದೆಯಡಿ ಆಡುವವರಿಗೆ ಶಿಕ್ಷೆ ಇಲ್ಲ. ದೊಡ್ಡ ರಮ್ಮಿ, ಪೋಕರ್, ಫ್ಯಾಂಟಸಿ ಕಂಪನಿಗಳು ಹಣದಾಟ ನಿಲ್ಲಿಸಿದವು. ಈಗ ಉಳಿದಿರುವುದು ಟೆಲಿಗ್ರಾಂ ಲಿಂಕ್‌ನಲ್ಲಿ ಬರುವ ಎಪಿಕೆ ಫೈಲು (ಪ್ಲೇಸ್ಟೋರ್‌ನ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್), ವಾಟ್ಸ್‌ಆ್ಯಪ್‌ನಲ್ಲಿ ‘ಐಡಿ’ (ಪಣ ಕಟ್ಟುವ ಖಾತೆ) ಕೊಡುವ ಬುಕ್ಕಿ. ಅಂಥವರ ಆ್ಯಪ್‌ನಲ್ಲಿ ಮಿತಿ ಹಾಕಿಕೊಳ್ಳುತ್ತೇನೆ ಎನ್ನುವುದು ಕಳ್ಳನ ಕೈಗೆ ಕೀಲಿ ಕೊಟ್ಟಂತೆ. ದುಡ್ಡು ಹೊರಡುವ ಜಾಗದಲ್ಲೇ ತಡೆಯಬೇಕು.

ಮೊದಲು ಲೆಕ್ಕ. ಪರದೆಯ ಮೇಲೆ ಏರುವ ವಿಮಾನ ಹಾರಿಹೋಗುವ ಮೊದಲೇ ಹಣ ಹಿಂಪಡೆಯಬೇಕಾದ ಆಟದಲ್ಲಿ ‘ಶೇ 97 ವಾಪಸ್’ ಎಂದು ಬರೆದಿರುತ್ತಾರೆ. ಸಾವಿರ ಹಾಕಿದರೆ 970 ಉಳಿಯುತ್ತದೆ ಎಂದು ಓದಿದವರು ತಿಳಿಯುತ್ತಾರೆ. ಆ ಶೇ 3 ಕಡಿತ ಪ್ರತಿ ಸುತ್ತಿಗೂ ಇದೆ. ಸುತ್ತಿಗೆ 50 ರೂಪಾಯಿ, ನಿಮಿಷಕ್ಕೆ ಎರಡು ಸುತ್ತು ಎಂದರೆ ಗಂಟೆಗೆ 6,000 ರೂಪಾಯಿ ಕಟ್ಟಿದಂತಾಯಿತು. ಸರಾಸರಿ ನಷ್ಟ 180. ದಿನಕ್ಕೆ ಎರಡು ಗಂಟೆ ಕೂತರೆ ತಿಂಗಳಿಗೆ 10,800. ಇದು ಆಟ ಪ್ರಾಮಾಣಿಕವಾಗಿದ್ದರೆ ಮಾತ್ರ! ದೀಪಾವಳಿಯ ಇಸ್ಪೀಟಿನಲ್ಲಿ ಎಲೆ ಕಲಸಿ ಹಂಚುವುದಕ್ಕಾದರೂ ಹೊತ್ತು ಹಿಡಿಯುತ್ತಿತ್ತು, ಎದುರಿಗೆ ಕೂತವರ ಜೇಬೂ ಖಾಲಿಯಾಗುತ್ತಿತ್ತು. ಫೋನಿನಲ್ಲಿ ಈ ಎರಡೂ ಇಲ್ಲ.

ಸೋತಾಗಲೆಲ್ಲ ಪಣ ದುಪ್ಪಟ್ಟು ಮಾಡುವ ‘ರಿಕವರಿ’ ಉಪಾಯವನ್ನೂ ನೋಡೋಣ. 100ರಿಂದ ಶುರುಮಾಡಿ ಏಳು ಸಲ ಸೋತರೆ 12,700 ಹೋಗಿರುತ್ತದೆ. ಎಂಟನೆಯದಕ್ಕೆ 12,800 ಬೇಕು, ಗೆದ್ದರೆ ಕೈಗೆ ಸಿಗುವ ಲಾಭ ಬರೀ 100. 37 ಮನೆಗಳಲ್ಲಿ 18 ಕೆಂಪಿರುವ ಚಕ್ರದಾಟ ರೂಲೆಟ್‌ನಲ್ಲಿ ಕೆಂಪಿಗೆ ಕಟ್ಟಿದವರು ಸತತ ಏಳು ಸಲ ಸೋಲುವುದು ಸುಮಾರು 106ರಲ್ಲಿ ಒಂದು ಸಲ. ರಾತ್ರಿಯಿಡೀ ಆಡುವವರಿಗೆ ಅದು ಅಪರೂಪವೇನಲ್ಲ.

ಇನ್ನು ಪಾಸ್‌ಬುಕ್. ಚಟ ಎಷ್ಟಿದೆ ಎಂದು ತಿಳಿಯಲು ಆರು ತಿಂಗಳ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ, ಪೆನ್ನು ಹಿಡಿದು ಕೂರಿ. ಅಲ್ಲಿ ಯಾವ ಜೂಜು ಕಂಪನಿಯ ಹೆಸರೂ ಇರುವುದಿಲ್ಲ. ‘ಟ್ರೇಡರ್ಸ್’, ‘ಎಂಟರ್‌ಪ್ರೈಸಸ್’, ಇಲ್ಲವೇ ಯಾರೋ ಅಪರಿಚಿತರ ಹೆಸರು. ಹೆಸರು ಬಿಟ್ಟು ಹೊತ್ತು ನೋಡಿ. ರಾತ್ರಿ 11.42ಕ್ಕೆ 500, 11.49ಕ್ಕೆ 500, 11.53ಕ್ಕೆ 1,000, 12.04ಕ್ಕೆ 2,000, ಆಮೇಲೆ 1,800 ಜಮೆ. ಬೆಳಿಗ್ಗೆ ನೆನಪಿರುವುದು ‘1,800 ಹೊಡೆದೆ’ ಎಂಬುದಷ್ಟೇ. ಹೋದದ್ದು 4,000.

ಖಾತೆಯ ಏರ್ಪಾಡು ಹೀಗಿರಲಿ. ಸಂಬಳದ ಖಾತೆಯನ್ನು ಎಲ್ಲ ಯುಪಿಐ ಆ್ಯಪ್‌ಗಳಿಂದ ತೆಗೆಯಿರಿ. ಸಂಬಳ ಬಿದ್ದ ಮರುದಿನವೇ ಕಂತು, ಬಾಡಿಗೆ, ಚೀಟಿ ಹಣ ತಾನಾಗಿ ಹೋಗುವಂತೆ ಶಾಖೆಯಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಮಿಕ್ಕಿದ್ದು ಮನೆಯವರೊಬ್ಬರ ಜೊತೆಗಿನ, ಇಬ್ಬರೂ ಸಹಿ ಹಾಕಲೇಬೇಕಾದ ಜಂಟಿ ಖಾತೆಗೆ ಹೋಗಲಿ. ಅಂಥ ಖಾತೆಗೆ ಯುಪಿಐ ಜೋಡಿಸಲು ಬರುವುದಿಲ್ಲ. ‘ಇಬ್ಬರಲ್ಲಿ ಯಾರಾದರೊಬ್ಬರು’ ಎಂಬ ಬಗೆಯದಾದರೆ ಪ್ರಯೋಜನವಿಲ್ಲ, ಫಾರಂ ತುಂಬುವಾಗ ಗಮನಿಸಿ. ದಿನದ ಖರ್ಚಿಗೆ ಬೇರೊಂದು ಚಿಕ್ಕ ಖಾತೆ, ವಾರಕ್ಕೆ ಒಂದೂವರೆ–ಎರಡು ಸಾವಿರ. ಯುಪಿಐ ಅದಕ್ಕೆ ಮಾತ್ರ. ದಿನದ ಯುಪಿಐ ಮಿತಿಯನ್ನು ಇಳಿಸುವುದು ಒಳ್ಳೆಯದೇ. ಆದರೆ ಇಳಿಸಿದ ಬೆರಳೇ ಮಧ್ಯರಾತ್ರಿ ಏರಿಸಬಲ್ಲದು, ಅದೊಂದನ್ನೇ ನಂಬಬೇಡಿ.

ಹಣ ಸೋರುವ ಸಣ್ಣ ತೂತುಗಳೂ ಇವೆ. ಯುಪಿಐ ಲೈಟ್‌ನಲ್ಲಿ 1,000 ರೂಪಾಯಿವರೆಗೆ ಪಿನ್ ಕೇಳುವುದಿಲ್ಲ, ಅದನ್ನು ಮುಚ್ಚಿ. ತಾನಾಗಿ ಹಣ ಕಡಿತವಾಗುವ ಆಟೊಪೇ ಪಟ್ಟಿ ತೆರೆದು ಗುರುತು ಸಿಗದ್ದನ್ನು ರದ್ದುಮಾಡಿ. ಕಾರ್ಡಿನ ಆನ್‌ಲೈನ್ ಮತ್ತು ವಿದೇಶಿ ವಹಿವಾಟನ್ನು ಬ್ಯಾಂಕ್ ಆ್ಯಪ್‌ನಲ್ಲೇ ಆಫ್ ಮಾಡಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಈ ಸೌಲಭ್ಯ 2020ರಿಂದ ಇದೆ. ‘ಪ್ರೀ-ಅಪ್ರೂವ್ಡ್ ಸಾಲ’ದ ಆಮಿಷ ಬೇಡವೆಂದು ಬ್ಯಾಂಕಿಗೆ ಬರೆದುಕೊಡಿ. ಸೋತ ರಾತ್ರಿ ಎರಡು ಗಂಟೆಗೆ ಕಣ್ಣಿಗೆ ಬೀಳುವುದು ಅದೇ. ಫೋನಿಗೆ ‘ಬೆಟ್‌ಬ್ಲಾಕರ್’ ಎಂಬ ಉಚಿತ ತಂತ್ರಾಂಶ ಹಾಕಬಹುದು. ದಿನಕ್ಕೊಂದು ಹೊಸ ವಿಳಾಸ ತೆರೆಯುವ ತಾಣಗಳನ್ನೆಲ್ಲ ಅದು ಹಿಡಿಯಲಾರದು, ನಿಜ.

ಗೆದ್ದ ಹಣದಲ್ಲೂ ಅಪಾಯವಿದೆ. ಅದು ಬರುವುದು ಬಾಡಿಗೆಗೆ ಪಡೆದ ಯಾರದೋ ಖಾತೆಯಿಂದ. ಅದೇ ಖಾತೆಗೆ ಮೋಸಹೋದ ಯಾರದೋ ಹಣ ಬಿದ್ದು, ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ಹಣದ ಜಾಡು ಹಿಡಿದು ನಿಮ್ಮ ಖಾತೆಯೂ ಫ್ರೀಜ್ ಆಗಬಹುದು. ಆಗ ಬ್ಯಾಂಕಿನಿಂದ ದೂರಿನ ಸಂಖ್ಯೆ ಮತ್ತು ಯಾವ ರಾಜ್ಯದ ಯಾವ ಠಾಣೆ ಎಂಬ ವಿವರ ಲಿಖಿತವಾಗಿ ಪಡೆಯಿರಿ. ಅಲ್ಲಿಂದ ಒಪ್ಪಿಗೆ ಬರುವವರೆಗೆ ಮ್ಯಾನೇಜರ್ ಕೈಯಲ್ಲಿ ಏನೂ ಇರುವುದಿಲ್ಲ. ಕಮಿಷನ್ ಆಸೆಗೆ ಸ್ವಂತ ಪಾಸ್‌ಬುಕ್, ಸಿಮ್ ಕೊಟ್ಟವರಂತೂ ನೇರ ಆರೋಪಿಗಳಾಗುತ್ತಾರೆ.

ಮನೆಯವರಿಗೊಂದು ಮಾತು. ಸಾಲ ತೀರಿಸಲೆಂದು ಹಣವನ್ನು ಆಡುವವರ ಕೈಗೆ ಕೊಡಬೇಡಿ. ಕೈಸಾಲ, ಲೋನ್ ಆ್ಯಪ್, ಗಿರವಿ ಎಲ್ಲದರ ಪಟ್ಟಿ ಬರೆಸಿ, ಸಾಲ ಕೊಟ್ಟವರಿಗೇ ನೇರವಾಗಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಕೇಳಬೇಕಾದ ಪ್ರಶ್ನೆ ಎರಡೇ: ಪಣದ ಮೊತ್ತ ಹೆಚ್ಚಿಸುತ್ತಲೇ ಹೋಗಬೇಕೆನಿಸುತ್ತಿದೆಯೇ? ಎಷ್ಟು ಆಡಿದೆ ಎಂಬುದನ್ನು ಹತ್ತಿರದವರಿಂದ ಮುಚ್ಚಿಟ್ಟದ್ದಿದೆಯೇ? ಒಂದಕ್ಕೆ ‘ಹೌದು’ ಎಂದರೂ ವೈದ್ಯರನ್ನು ಕಾಣಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಜೂಜಿನ ಚಟ ಕಾಯಿಲೆಯಾಗಿಯೇ ಇದೆ. ಪಾರ್ಕಿನ್ಸನ್ ಕಾಯಿಲೆಗೆ ಪ್ರಮಿಪೆಕ್ಸೋಲ್, ರೋಪಿನಿರೋಲ್ ತೆಗೆದುಕೊಳ್ಳುವ ಹಿರಿಯರು ಇದ್ದಕ್ಕಿದ್ದಂತೆ ಜೂಜಿಗಿಳಿದರೆ ಅದು ಮಾತ್ರೆಯ ಅಡ್ಡಪರಿಣಾಮವೂ ಆಗಿರಬಹುದು. ಮಾತ್ರೆ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ.

ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಪತ್ರಿಕೆಯವರಲ್ಲಿ ಒಂದು ಕೋರಿಕೆ: ಪಂದ್ಯಗಳ ದಿನಗಳಲ್ಲಿ ಸ್ಕೋರ್ ಅಚ್ಚಾಗುವ ಪುಟದ ಮೂಲೆಯಲ್ಲಿ ಈ 14416 ಅನ್ನು ದಯವಿಟ್ಟು ಹಾಕಿ.

– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ