ಗದಗ ರಸ್ತೆಯ ಪ್ಲಾಟಿನ ವಿಷಯ

ಮೆಲ್ಬರ್ನ್
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನವರಿಗೆ ಗಿರಿಜಾ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅವ್ವನ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಸುಧಾ ಹೇಳಿದಳು, ಸಮಾಧಾನವಾಯಿತು.

ನಿಮ್ಮ ಪತ್ರ ಎರಡು ಸಲ ಓದಿದೆ. ಗದಗ ರಸ್ತೆಯ ಪ್ಲಾಟಿನಲ್ಲಿ ಮನೆ, ಕೆಳಗೆ 800 ಮೇಲೆ 400 ಚದರಡಿ, ಅಡಿಗೆ 2,000ದಂತೆ 24 ಲಕ್ಷ, ಮುಂಗಡ 6 ಲಕ್ಷ. ಅದಕ್ಕಾಗಿ ಸುಧಾಳ ಮದುವೆಗೆ ಇಟ್ಟ ಠೇವಣಿ ಮುರಿಸುವ ಮಾತು. ಅಪ್ಪಾ, ಆ ಠೇವಣಿ ಮುಟ್ಟಬೇಡಿರಿ. ಮನೆ ಬೇಡ ಎನ್ನುತ್ತಿಲ್ಲ. ನೆಲ ಅಗೆದು ನೋಡುವ ತನಕ ಹೂಂ ಅನ್ನಬೇಡಿರಿ, ಅಷ್ಟೇ.

'ಮಣ್ಣು ಪರೀಕ್ಷೆ ಬೇಕಿಲ್ಲ, ನಾಲ್ಕು ಅಡಿ ಪಾಯ ಸಾಕು' ಎಂದು ಗುತ್ತಿಗೆದಾರರು ಅಂದಿದ್ದಾರಂತೆ. ಅಲ್ಲಿರುವುದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಮನೆಯ ನಡುವಿನ ನೆಲದಲ್ಲಿ ಹಸಿ ಹೆಚ್ಚು ಕಡಿಮೆ ಒಂದೇ ಸಮ ಇರುತ್ತದೆ, ಅಂಚಿನ ನೆಲ ಮಾತ್ರ ವರ್ಷವರ್ಷ ಏರಿ ಇಳಿಯುತ್ತದೆ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಬಿರುಕು ಏಳುವುದು, ಮಳೆಗಾಲದಲ್ಲಿ ಬಾಗಿಲು ಬಿಗಿಯುವುದು ಇದರಿಂದಲೇ. ಸಿಮೆಂಟು ಜಾಸ್ತಿ ಹಾಕಿದರೆ ಇದು ನಿಲ್ಲುವುದಿಲ್ಲ.

ಮೆಲ್ಬರ್ನಿನ ಪಶ್ಚಿಮಕ್ಕೂ ಇಂಥದೇ ಮಣ್ಣು, ಬಸಾಲ್ಟ್ ಎಂಬ ಕಪ್ಪು ಕಲ್ಲು ಶಿಥಿಲವಾಗಿ ಆದದ್ದು. ಇಲ್ಲಿ ಮಣ್ಣಿನ ವರದಿ ಇಲ್ಲದೆ ಮನೆಯ ಪರವಾನಗಿಯೇ ಸಿಗುವುದಿಲ್ಲ. ನೆಲ ಎಷ್ಟು ಮಿಲಿಮೀಟರ್ ಏರಿಳಿಯುತ್ತದೆ ಎಂದು ಲೆಕ್ಕ ಹಾಕಿ ದರ್ಜೆ ಕೊಡುತ್ತಾರೆ. 40 ದಾಟಿದರೆ 'ಎಚ್1', ಅಂದರೆ ಹೆಚ್ಚು ಅಲುಗುವ ನೆಲ; 75 ದಾಟಿದರೆ 'ಇ', ವಿಪರೀತ ಅಲುಗುವ ನೆಲ. ಆಮೇಲೆಯೇ ಪಾಯದ ನಕ್ಷೆ. ಬಸಣ್ಣ ಕಾಕಾ ಇಲ್ಲಿನ ಮನೆಗಳ ಫೋಟೋ ನೋಡಿ 'ಕಟ್ಟಿಗೆ ಡಬ್ಬಿ' ಅಂದರಂತೆ. ಒಳಗೆ ಕಟ್ಟಿಗೆಯ ಚೌಕಟ್ಟು ಇರುವುದು ನಿಜ, ಹೊರಗಿನ ಇಟ್ಟಿಗೆ ಭಾರ ಹೊರುವುದಿಲ್ಲ. ಆದರೆ ನೆಲ ಸ್ವಲ್ಪ ಅಲುಗಿದರೆ ಈ ಗೋಡೆ ತಡೆದುಕೊಳ್ಳುತ್ತದೆ, ನಮ್ಮ ಬಿಗಿ ಇಟ್ಟಿಗೆ ಗೋಡೆ ಸೀಳುತ್ತದೆ. ಕಾಕಾಗೆ ಇದನ್ನು ಹೇಳಿರಿ.

ಈಗ ಮಾಡಬೇಕಾದ್ದು ಇಷ್ಟು. ಪ್ಲಾಟಿನ ಎರಡು ಎದುರು ಮೂಲೆಗಳಲ್ಲಿ ಗುಂಡಿ ತೆಗೆಸಿರಿ, ಗಟ್ಟಿ ಗರಸು, ಅಂದರೆ ಕಲ್ಲು ಬೆರೆತ ಮಣ್ಣು, ಸಿಗುವ ತನಕ. ಐದಾರು ಅಡಿಗೆ ಸಿಕ್ಕರೆ ಅದರ ಮೇಲೆಯೇ ಫುಟಿಂಗ್ (ಪಾಯದ ಅಗಲ ತಳ) ಕೂಡಿಸಬಹುದು, ಖರ್ಚು ಅಷ್ಟೇನೂ ಏರುವುದಿಲ್ಲ. ಹತ್ತು ಅಡಿಗೂ ಕರಿ ಮಣ್ಣೇ ಇದ್ದರೆ ಅಂಡರ್‌ರೀಮ್ಡ್ ಪೈಲ್ ಬೇಕು: ಒಂದು ಅಡಿ ಅಗಲದ ಕಂಬ, ಸುಮಾರು ಹನ್ನೆರಡು ಅಡಿ ಆಳ, ತಳದಲ್ಲಿ ಅದರ ಎರಡೂವರೆ ಪಟ್ಟು ಅಗಲದ ಉಬ್ಬು. ಮೇಲಿನ ಬೀಮು ನೆಲಕ್ಕೆ ತಾಗಬಾರದು, ಕೆಳಗೆ 80 ಮಿ.ಮೀ. ಸಂದು ಬಿಡಬೇಕು, ಇಲ್ಲವೆಂದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ಮಣ್ಣನ್ನು ಪ್ರಯೋಗಾಲಯಕ್ಕೆ ಕೊಟ್ಟು ಉಬ್ಬುವಿಕೆ ಪರೀಕ್ಷೆ ಮಾಡಿಸಿರಿ. ನೀರಿನಲ್ಲಿ ಉಬ್ಬುವುದು ಶೇ. 50ರ ಒಳಗಿದ್ದರೆ ಚಿಂತೆಯಿಲ್ಲ, 100 ದಾಟಿದರೆ ಪೈಲ್ ವಿಷಯದಲ್ಲಿ ರಾಜಿ ಬೇಡ.

ಪಾಯಕ್ಕೆ ಅಗೆದ ಕರಿ ಮಣ್ಣನ್ನೇ ಮನೆಯೊಳಗೆ ತುಂಬಿಬಿಡುತ್ತಾರೆ, ಸಾಗಿಸುವ ಖರ್ಚು ಉಳಿಯಲಿ ಎಂದು. ಎರಡು ಮಳೆಗಾಲದಲ್ಲಿ ಫರ್ಶಿ ಎದ್ದು ಬರುತ್ತದೆ. ಗರಸನ್ನೇ ತುಂಬಿಸಿರಿ, ಅರ್ಧರ್ಧ ಅಡಿ ಹಾಕಿ ನೀರು ಹೊಡೆದು ಧಮ್ಮಸು ಮಾಡಿಸಿರಿ. ಗೋಡೆಯ ಸುತ್ತ ಮೂರು ಅಡಿ ಕಾಂಕ್ರೀಟು, ಇಳಿಜಾರು ಹೊರಗೆ. ಅವ್ವನ ಮಲ್ಲಿಗೆ, ನುಗ್ಗೆ ಎಲ್ಲ ಕಾಂಪೌಂಡಿನ ಅಂಚಿಗೆ.

ಆ 24 ಲಕ್ಷದಲ್ಲಿ ಏನು ಸೇರಿಲ್ಲ ಎಂದು ಬರೆಸಿಕೊಳ್ಳಿರಿ. ನೀರಿನ ಟಾಕಿ, ಕಾಂಪೌಂಡು, ಬೋರು, ಗೇಟು, ಪಾಲಿಕೆಯ ಪರವಾನಗಿ ಶುಲ್ಕ, ವಿದ್ಯುತ್ ಸಂಪರ್ಕ, ಒಳಚರಂಡಿ, ಕಪಾಟು. ಚದರಡಿ ದರದಲ್ಲಿ ಸಾಮಾನ್ಯವಾಗಿ ಇವು ಇರುವುದಿಲ್ಲ. ಅನಿರೀಕ್ಷಿತಕ್ಕೆ ಹತ್ತನೇ ಒಂದು ಪಾಲು ಬೇರೆ. ಪೈಲ್ ಬಂದರೆ ನಿಮ್ಮ ಗ್ರಾಚ್ಯುಟಿ ಖಂಡಿತ ಸಾಲದು. ಆಗ ಮೇಲಿನ 400 ಅಡಿ ಸದ್ಯಕ್ಕೆ ಬಿಡೋಣ, ಕಂಬಗಳ ಲೆಕ್ಕ ಮಾತ್ರ ಎರಡು ಅಂತಸ್ತಿಗೇ ಇರಲಿ. ಮೇಲೆ ಬಿಟ್ಟ ಕಬ್ಬಿಣಕ್ಕೆ ತೆಳು ಕಾಂಕ್ರೀಟು ಹೊದಿಸಿರಿ, ತುಕ್ಕು ಹಿಡಿಯಬಾರದು. ಕೆಳಗಿನ 800 ಅಡಿಗೂ ದುಡ್ಡು ಸಾಲದಿದ್ದರೆ ಮನೆ ಈಗ ಬೇಡ, ಹಳೆಯ ಮನೆಯ ಮಾಳಿಗೆಯನ್ನೇ ರಿಪೇರಿ ಮಾಡಿಸೋಣ.

ಇನ್ನು ಮುಂಗಡ. ಇಲ್ಲಿ ವಿಕ್ಟೋರಿಯಾದಲ್ಲಿ ಇಂಥ ಕೆಲಸಕ್ಕೆ ಶೇ. 5ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ, ಕಾನೂನೇ ಇದೆ. ಆ ಲೆಕ್ಕಕ್ಕೆ 1 ಲಕ್ಷ 20 ಸಾವಿರ. ನೀವೂ ಅಷ್ಟೇ ಕೊಡಿರಿ, ಉಳಿದದ್ದು ಪಾಯ, ಸ್ಲ್ಯಾಬು, ಪ್ಲಾಸ್ಟರು ಮುಗಿದಂತೆ. ಕೊನೆಯ ಶೇ. 10 ಒಂದು ಮಳೆಗಾಲ ಕಳೆದ ಮೇಲೆ. ಇದಕ್ಕೆ ಒಪ್ಪದಿದ್ದರೆ ಬೇರೆ ಗುತ್ತಿಗೆದಾರರನ್ನು ನೋಡಿರಿ. ಗೌಂಡಿಗೆ ಒಂದು ಮಾತು ಹೇಳಿರಿ: ಸ್ಲ್ಯಾಬಿಗೆ ಒಂದು ಚೀಲ ಸಿಮೆಂಟಿಗೆ 27 ಲೀಟರಿಗಿಂತ ಹೆಚ್ಚು ನೀರು ಬೇಡ.

ನನ್ನ ಚಿಂತೆ ಬೇಡ, ಇಲ್ಲಿ ಎಲ್ಲ ಚೆನ್ನಾಗಿದೆ, ಊಟ, ನಿದ್ದೆ, ಕೆಲಸ ಎಲ್ಲ ಚೆನ್ನಾಗಿದೆ. ನೀವೂ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿರಿ, ಏನೂ ಕೈಮೀರಿಲ್ಲ. ಗುಂಡಿ ತೆಗೆದ ದಿನ ಒಳಗೆ ಅಳತೆ ಪಟ್ಟಿ ಇಳಿಬಿಟ್ಟು ಫೋಟೋ ತೆಗೆಯಲು ಸುಧಾಗೆ ಹೇಳಿರಿ. ನಾಳೆ ಬೆಳಿಗ್ಗೆ ಆರಕ್ಕೇ ಹೊರಡಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ. ಅವ್ವನಿಗೆ, ಕಾಕಾಗೆ ನಮಸ್ಕಾರ.

ಇತಿ ನಿಮ್ಮ ಮಗಳು
ಗಿರಿಜಾ